ಮೂಗಣ್ಣನ ತೋರುಬೆರಳು

ನೊಣ ಬಂತು, ಬೆರಳಿನ ಸುತ್ತ ಒಂದು ಸುತ್ತು ಹಾಕಿತು, ಇನ್ನೇನು ಕೂತೇಬಿಡುತ್ತೆ ಅನ್ನುವಷ್ಟರಲ್ಲಿ ಏನೋ ನೆನಪಾದವರ ಹಾಗೆ ಸರ್ರನೆ ಹಿಂದೆ ಸರಿದು ಹಾರಿಹೋಯಿತು — ಅದಕ್ಕೆ ಗೊತ್ತಾಯಿತು, ಅಷ್ಟೇ ಅಷ್ಟು ತಲೆ, ಅದರಲ್ಲಿ ಮೂಗೆಷ್ಟು ಬುದ್ಧಿಯೆಷ್ಟು, ಆದರೂ ರೆಪ್ಪೆ ಬಡಿಯುವುದರೊಳಗೆ ಗೊತ್ತಾಗಿಹೋಯಿತು ಇದು ತನ್ನ ಬಾಯಿಗೆ ಸಲ್ಲುವ ಪದಾರ್ಥವಲ್ಲ ಅಂತ, ಮತ್ತು ಅವನು, ಏಳು ಬೀದಿಗೂ ಎಪ್ಪತ್ತು ಗ್ಯಾರೇಜಿಗೂ ಒಬ್ಬನೇ ಒಬ್ಬನಾದ ಮೂಗಣ್ಣ, ಅಕ್ಕನ ಕಾರಿನ ತೆರೆದ ಬಾನೆಟ್ಟಿನ ಕೆಳಗೆ ಅರೆಗಣ್ಣು ಮುಚ್ಚಿ, ತೋರುಬೆರಳನ್ನು ಮೂಗಿನ ಕೆಳಗೆ ಹಿಡಿದು, ಪಕ್ಕದ ಬೀದಿಯ ಗಾಳಿಯೂ ಖಾಲಿಯಾಗುವಷ್ಟು ಉಸಿರೆಳೆದುಕೊಂಡು ನಿಂತಿದ್ದಾನೆ, ಗೊತ್ತಾಗುತ್ತಿಲ್ಲ. ಬೆರಳ ತುದಿಯಲ್ಲಿ ಗುಲಾಬಿ ಕೆನೆ. ಇಂಜಿನ್ ತಣಿಸುವ ಕೂಲೆಂಟಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕಂಡದ್ದು ಅದೇ, ಒಳಗಿರಬೇಕಾದದ್ದು ಶರಬತ್ತಿನಂಥ ತಿಳಿಗೆಂಪು ನೀರು, ಇರುವುದು ಒಡೆದ ಹಾಲಿಗೆ ಬಣ್ಣ ಕಲಸಿದ ಹಾಗೆ ದಪ್ಪ ನೊರೆ, ಎಣ್ಣೆ ಸೇರಿದೆ, ಅಷ್ಟು ಹೇಳಲು ಮೂಗೇನೂ ಬೇಡ, ರಸ್ತೆಯಲ್ಲಿ ಹೋಗುವ ಹಾಲಿನವನನ್ನು ಕರೆದು ಕೇಳಿದರೂ ಹೇಳುತ್ತಾನೆ, ಪ್ರಶ್ನೆ ಇರುವುದು ಯಾವ ಎಣ್ಣೆ ಅನ್ನುವುದು, ಎಲ್ಲಿಂದ ಬಂತು ಅನ್ನುವುದು — ಇಂಜಿನ್ನಿನ ಒಳಗೆ ಎಣ್ಣೆಯನ್ನೂ ನೀರನ್ನೂ ಬೇರೆ ಇಡುವ ಹಾಳೆ, ಹೆಡ್ ಗ್ಯಾಸ್ಕೆಟ್, ಹರಿದು ಅಲ್ಲಿಂದ ಸೋರಿದ ಎಣ್ಣೆಯೋ, ಹೊರಗಿಂದ ಬಂದು ಸೇರಿದ ಎಣ್ಣೆಯೋ, ಒಳಗಿನದಾದರೆ ಅದರಲ್ಲಿ ಸುಟ್ಟ ಹೊಗೆಯ ಘಾಟು ಇರುತ್ತದೆ, ಪೆಟ್ರೋಲಿನ ಹುಳಿ ಇರುತ್ತದೆ, ಹೊರಗಿನದಾದರೆ, ಹೊರಗಿನದರ ಬಗ್ಗೆ ಈಗ ಬೇಡ. ಏನೋ, ನಿದ್ದೆ ಹೋದ್ಯಾ, ಅಂದಳು ಅಕ್ಕ. ಅಕ್ಕನ ಕೈಯಲ್ಲಿ ಫೋನು, ಫೋನಿನಲ್ಲಿ ಮೀಟರು, ಅಂದರೆ ಎರಡು ರಸ್ತೆ ಆಚೆ ಗಾಜಿನ ಬಾಗಿಲಿನ ಗ್ಯಾರೇಜು ಇಟ್ಟುಕೊಂಡು ಎಲ್ಲದಕ್ಕೂ ಒಂದೊಂದು ಮೀಟರು ಸಿಕ್ಕಿಸಿ ನೋಡುವ ಮನುಷ್ಯ, ಅವನು ಕಾರನ್ನು ನೋಡಿಯೂ ಇಲ್ಲ, ಅಕ್ಕ ಕಳಿಸಿದ ಫೋಟೋ ನೋಡಿ ಹೇಳಿದ್ದು, ಗ್ಯಾಸ್ಕೆಟ್ ಹೋಗಿದೆ ಮೇಡಂ, ಇಂಜಿನ್ ಬಿಚ್ಚಬೇಕು, ಎಳೆದುಕೊಂಡು ಬರೋಕೆ ಗಾಡಿ ಕಳಿಸಲಾ. ಅಕ್ಕ ಹೇಳಿದ್ದಾಳೆ, ಒಂದು ನಿಮಿಷ ಇರಿ, ನನ್ನ ತಮ್ಮ ಮೂಸಲಿ. ಆ ಒಂದು ನಿಮಿಷವೇ ಇದು, ಇಷ್ಟು ಉದ್ದದ ನಿಮಿಷ ಭೂಮಿ ಹುಟ್ಟಿದ ಮೇಲೆ ಬಂದಿಲ್ಲ, ಇದರಲ್ಲಿ ಒಬ್ಬ ಮನುಷ್ಯ ಹುಟ್ಟಿ, ಬೆಳೆದು, ಸುಳ್ಳು ಹೇಳಿ, ಮುದುಕನಾಗಿ ಸಾಯಬಹುದು.

ಮೂಗಣ್ಣ. ಹೊಸಬರು ಕೇಳುತ್ತಾರೆ, ಪಾಪ ಮಾತು ಬರಲ್ವಾ ಇವರಿಗೆ, ಅಂತ, ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ಮಾತಾ, ಇವನ ಮಾತಿಗೆ ಬ್ರೇಕ್ ಹಾಕೋಕೆ ನಾನು ಇನ್ನೊಂದು ಪೆಡಲ್ಲು ಜೋಡಿಸಬೇಕು, ಮೂಗ ಅಲ್ಲ ಕಣ್ರೀ, ಮೂಗು, ಇವನ ಮೂಗು ಅಂಥದ್ದು. ಅಂಥದ್ದೇ, ಸುಳ್ಳೇನಲ್ಲ, ಮುಚ್ಚಿದ ಬಾನೆಟ್ಟನ್ನು ಒಂದು ಸಲ ಮೂಸಿ ಇದರ ಬ್ಯಾಟರಿ ಬುಧವಾರ ಸಾಯುತ್ತೆ ಅಂದಿದ್ದ, ಬುಧವಾರವೇ ಸತ್ತಿತು, ಅದೂ ಊಟದ ಹೊತ್ತಿಗೆ, ಇನ್ನೊಂದು ಸಲ ಬೀದಿಯ ಮೂಲೆ ಇನ್ನೂ ತಿರುಗಿರದ ಕಾರಿನ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತಿದೆ ಅಂತ ಇಲ್ಲಿ ಕೂತೇ ಹೇಳಿದ್ದ, ಕಾರಿನವನು ಬಂದು ಇಳಿಯುವುದಕ್ಕೆ ಮುಂಚೆ ಬಂಕಿನವನಿಗೆ ಬೈದು ಮುಗಿಸಿದ್ದ, ಮತ್ತೊಬ್ಬನಿಗಂತೂ, ನಿಮ್ಮ ಹಿಂದಿನ ಸೀಟಿನಲ್ಲಿ ನಿನ್ನೆ ನಿಮ್ಮತ್ತೆ ಕೂತಿದ್ರು, ಅವರಿಗೆ ನಿಮ್ಮ ಮೇಲೆ ಸಿಟ್ಟಿದೆ, ಅಂದ — ಸಿಟ್ಟಿಗೆ ವಾಸನೆ ಇಲ್ಲ, ಅದು ಸುಮ್ಮನೆ ಸೇರಿಸಿದ್ದು, ಆದರೆ ಆ ಮನುಷ್ಯ ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಂತದ್ದು ನಿಜ. ಈಗ ಅವನೂ ಬೆರಳಿಟ್ಟುಕೊಂಡೇ ನಿಂತಿದ್ದಾನೆ, ತನ್ನದೇ ಮೂಗಿಗೆ ತನ್ನದೇ ಬೆರಳು, ಗುಲಾಬಿ ಕೆನೆ, ತಣ್ಣಗಿದೆ, ಜಿಡ್ಡು ಜಿಡ್ಡು. ಶುರು ಮಾಡಿದ್ದು ಅಕ್ಕನೇ, ಅವನಿಗೆ ಆರು ವರ್ಷ, ಅವಳಿಗೆ ಹನ್ನೊಂದು, ಅವನ ಕಣ್ಣಿಗೆ ಟವೆಲ್ಲು ಬಿಗಿದು ವಠಾರದ ಮಕ್ಕಳನ್ನೆಲ್ಲ ಕೂರಿಸಿ ಮೂಗಿನ ಮುಂದೆ ಒಂದೊಂದೇ ಹಿಡಿಯುವಳು, ರಬ್ಬರು, ಸೀಮೆಸುಣ್ಣ, ಒದ್ದೆ ಕೊಡೆ, ಅಪ್ಪನ ಚಪ್ಪಲಿ, ಎದುರುಮನೆಯವರ ಚಪ್ಪಲಿ, ಇದ್ಯಾರದು ಹೇಳೋ, ಅವನು ಹೇಳುವನು, ಹೇಳಿದ್ದೆಲ್ಲ ಸರಿ, ಒಂದೇ ಒಂದು ತಪ್ಪಿಲ್ಲ, ಕೊನೆಗೆ ಅವಳು ಅವನ ತಲೆಯನ್ನು ಎಲ್ಲರ ಕಡೆ ತಿರುಗಿಸಿ ಬಾಗಿಸುವಳು. ಅಲ್ಲಿಂದ ಇಲ್ಲಿಯವರೆಗೆ ನಲವತ್ತು ವರ್ಷ ಬಾಗಿದ್ದೇ ಬಾಗಿದ್ದು. ಗ್ಯಾರೇಜು ಹಾಕಿದಾಗ ಬಾಟಲಿಗಳ ಚೀಟಿಯನ್ನೆಲ್ಲ ಕಿತ್ತೆಸೆದ, ಬ್ರೇಕ್ ಎಣ್ಣೆ, ಸ್ಟೇರಿಂಗ್ ಎಣ್ಣೆ, ಕೂಲೆಂಟು, ಎಲ್ಲ ಒಂದೇ ಥರದ ಬಿಳಿ ಬಾಟಲಿ, ಒಂದೇ ಸಾಲು, ಗಿರಾಕಿ ಕೇಳಬೇಕು, ಚೀಟಿ ಇಲ್ದೆ ಹೆಂಗೆ ಗೊತ್ತಾಗುತ್ತೆ, ಅವನು ಮುಚ್ಚಳ ತಿರುಗಿಸಿ ಕಣ್ಣು ಮುಚ್ಚಿ ಒಂದು ಸಲ ಮೂಸಬೇಕು, ಇದು, ಅನ್ನಬೇಕು, ಸುರಿಯಬೇಕು, ಚೀಟಿ ಓದೋದು ಮೂಗಿಲ್ಲದವರ ಕೆಲಸ ಸ್ವಾಮಿ. ಕೆಂಪಗಿರುವುದು ಎರಡು, ಕೂಲೆಂಟೂ ಕೆಂಪು, ಸ್ಟೇರಿಂಗ್ ಎಣ್ಣೆಯೂ ಕೆಂಪು, ಅಕ್ಕಪಕ್ಕ ನಿಂತರೆ ಅವಳಿ ಮಕ್ಕಳು, ಹೆತ್ತವಳೂ ತಡವರಿಸಬೇಕು, ಅವನು ಮಾತ್ರ — ಅವನು ಮಾತ್ರ.

ಆ ಜ್ವರ ಬಂದು ಐದು ತಿಂಗಳು. ಜ್ವರ ಹೋಯಿತು, ಮೈನೋವು ಹೋಯಿತು, ಬಾಯಿಯ ಕಹಿ ಹೋಯಿತು, ಹೋಗುವಾಗ ಮನೆಗೆ ಬಂದ ನೆಂಟರು ಒಂದು ಚಮಚ ಜೇಬಿಗಿಳಿಸಿಕೊಂಡು ಹೋಗುವ ಹಾಗೆ ಅದನ್ನೂ ಎತ್ತಿಕೊಂಡು ಹೋಯಿತು, ಮೊದಲ ದಿನ ಕಾಫಿ ಬಿಸಿನೀರಾಯಿತು, ಎರಡನೇ ದಿನ ಸೋಪು ಕಲ್ಲಾಯಿತು, ಮೂರನೇ ದಿನ ಬಚ್ಚಲಿನ ಚಿಲಕ ಹಾಕಿಕೊಂಡು ಪೆಟ್ರೋಲಿನ ಚಿಂದಿಯನ್ನು ಮೂಗಿಗೆ ಒತ್ತಿ ಒತ್ತಿ ಹಿಡಿದ, ಕಣ್ಣಲ್ಲಿ ನೀರು ಬಂತು, ಉರಿಯಿತು, ವಾಸನೆ ಬರಲಿಲ್ಲ, ರೀ ಒಳಗೇನು ಮಾಡ್ತಿದ್ದೀರಿ ಅಷ್ಟೊತ್ತಿಂದ, ಹೆಂಡತಿ ಬಾಗಿಲು ತಟ್ಟಿದಳು, ಗಡ್ಡ ಮಾಡ್ಕೊಳ್ತಿದ್ದೀನಿ ಕಣೆ, ಬಚ್ಚಲಿಂದ ಪೆಟ್ರೋಲ್ ವಾಸನೆ ಬರ್ತಿದೆ, ಅಂದಳು, ಅವಳಿಗೆ ಬರುತ್ತಿದೆ, ಬಾಗಿಲ ಆಚೆಗೆ ಬರುತ್ತಿದೆ. ಡಾಕ್ಟರು ಹೇಳಿದ್ದು, ಬರಬಹುದು, ಬರದೆಯೂ ಇರಬಹುದು, ಅಂಥ ಮಾತು ಹೇಳುವುದಕ್ಕೆ ಅಷ್ಟು ವರ್ಷ ಓದಬೇಕಿತ್ತೇ. ಹೆಂಡತಿಗೂ ಹೇಳಲಿಲ್ಲ, ಬರುತ್ತದೆ, ನಾಳೆ ಬರುತ್ತದೆ, ಬಂದ ಮೇಲೆ ಹೇಳಿದರಾಯಿತು, ಆಮೇಲೆ ಒಂದು ಸಂಜೆ ಒಲೆಯ ಗ್ಯಾಸು ತೆರೆದೇ ಇತ್ತು, ಅವನು ಅಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದಾನೆ, ಹೆಂಡತಿ ಬೀದಿಯಿಂದಲೇ ಓಡಿ ಬಂದಳು, ಕಿಟಕಿ ತೆಗೆದಳು, ಎದೆ ಹಿಡಿದುಕೊಂಡು ಕೂತಳು, ನಿಮ್ಮ ಮೂಗು ಎಲ್ಲಿಗೆ ಹೋಗಿತ್ತು, ಯಾವುದೋ ಯೋಚನೆ ಕಣೆ, ಅಂದ, ಅವಳು ಎದ್ದು ಬೆಂಕಿಕಡ್ಡಿ ಪೊಟ್ಟಣವನ್ನು ತೆಗೆದು ಮೇಲಿನ ಗೂಡಿನಲ್ಲಿಟ್ಟಳು. ಗ್ಯಾರೇಜಿನಲ್ಲಿ ಉಪಾಯ ಮಾಡಿಕೊಂಡಿದ್ದಾನೆ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಯಾರೂ ಬರುವುದಕ್ಕೆ ಮುಂಚೆ ಒಂದು ಲೋಟ ನೀರು, ಕೆಂಪಗಿನ ಎರಡರಿಂದಲೂ ಒಂದೊಂದು ತೊಟ್ಟು, ತೇಲಿದರೆ ಎಣ್ಣೆ, ಕರಗಿದರೆ ಕೂಲೆಂಟು, ಎಣ್ಣೆ ಬಾಟಲಿ ಎಡಕ್ಕೆ, ಕೂಲೆಂಟು ಬಲಕ್ಕೆ, ಇಡೀ ದಿನ ಎಡ ಬಲ ಎಡ ಬಲ ಅಂತ ಮನಸ್ಸಿನಲ್ಲೇ ಜಪ, ಗಿರಾಕಿಯ ಮುಂದೆ ಮಾತ್ರ ಅದೇ ಮುಚ್ಚಿದ ಕಣ್ಣು, ಅದೇ ಉದ್ದ ಉಸಿರು, ಇದು, ಅನ್ನುವುದು. ಯಾರಿಗೂ ಗೊತ್ತಾಗಿಲ್ಲ, ಇಡೀ ಊರಿನ ಮೂಗಿಗೆ ತುಪ್ಪ ಸವರಿದ್ದಾನೆ, ತನಗೆ ಅದರ ವಾಸನೆಯೂ ಇಲ್ಲ. ಮೂಗಣ್ಣ, ಹೇಳಿಬಿಡಿ, ಶುಕ್ರವಾರ ನನ್ನ ಟೆಸ್ಟು, ಅಂದರು ಕಾರಿನೊಳಗಿಂದ ಟೀಚರಮ್ಮ, ಅಕ್ಕನ ಹತ್ತಿರ ಡ್ರೈವಿಂಗ್ ಕಲಿಯುತ್ತಿರುವವರು, ಎರಡು ಸಲ ಫೇಲಾದವರು, ಕಾರು ಬಂದು ನಿಂತು ಅರ್ಧ ಗಂಟೆಯಾದರೂ ಇಳಿದಿಲ್ಲ, ಎರಡೂ ಕೈಯಲ್ಲಿ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ಗ್ಯಾರೇಜಿನ ಗೋಡೆಯನ್ನೇ ರಸ್ತೆ ಅಂದುಕೊಂಡ ಹಾಗೆ ನೋಡುತ್ತಿದ್ದಾರೆ, ಸುಮ್ನಿರಿ ಟೀಚರೇ, ಅವನು ಮೂಸುವಾಗ ಮಾತಾಡಬಾರದು, ಅಂದಳು ಅಕ್ಕ, ಮತ್ತು ಫೋನಿಗೆ, ಇನ್ನೊಂದೇ ನಿಮಿಷ.

ಬೇರೆ ಪರೀಕ್ಷೆಗಳೆಲ್ಲ ಆಗಿವೆ, ಆಗಿ ಏನು ಬಂತು, ಇಂಜಿನ್ ಎಣ್ಣೆಯ ಕಡ್ಡಿ ಎಳೆದು ನೋಡಿದ, ಶುದ್ಧ ಜೇನಿನ ಬಣ್ಣ, ನೀರು ಸೇರಿದ ಗುರುತಿಲ್ಲ, ಇಂಜಿನ್ ಓಡಿಸಿ ಡಬ್ಬಿಯೊಳಗೆ ಬಗ್ಗಿ ನೋಡಿದ, ಗುಳ್ಳೆ ಏಳಲಿಲ್ಲ, ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದ, ಬಿಳಿ ಹೊಗೆ ಇಲ್ಲ, ಅಂದರೆ ಗ್ಯಾಸ್ಕೆಟ್ ಅಲ್ಲ, ಆದರೆ ಸಣ್ಣ ಬಿರುಕಾದರೆ ತಣ್ಣಗಿದ್ದಾಗ ಮುಚ್ಚಿಕೊಂಡು ಏರು ಹತ್ತುವಾಗ ಮಾತ್ರ ಬಾಯಿ ಬಿಡುತ್ತದೆ, ಹಾಗಾದರೆ ಗ್ಯಾಸ್ಕೆಟ್ಟೇ, ಬಣ್ಣ ನೋಡೋಣ ಅಂದರೆ ಬಣ್ಣವೂ ಕೈ ಕೊಟ್ಟಿದೆ, ಹಳೇ ಕಪ್ಪು ಎಣ್ಣೆಯಾಗಿದ್ದರೆ ನೊರೆ ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು, ಮೂರು ವಾರದ ಹಿಂದೆ ತಾನೇ ಎಣ್ಣೆ ಬದಲಿಸಿದ್ದಾನೆ, ಹೊಸ ಎಣ್ಣೆ ಸೇರಿದರೂ ಗುಲಾಬಿಯೇ, ಸ್ಟೇರಿಂಗ್ ಎಣ್ಣೆ ಸೇರಿದರೂ ಗುಲಾಬಿಯೇ. ರೇಡಿಯೇಟರಿನ ಮೇಲಿನ ಪೈಪು ಹಿಸುಕಿದ, ಹಿಸುಕಿದ್ದು ಹಾಗೇ ಕುಗ್ಗಿ ನಿಂತಿತು, ಎಣ್ಣೆ ರಬ್ಬರನ್ನು ತಿನ್ನುತ್ತಿದೆ, ಹೀಗೇ ಬಿಟ್ಟರೆ ವಾರದೊಳಗೆ ರಸ್ತೆಯ ಮಧ್ಯೆ ಒಡೆಯುತ್ತದೆ, ಟೀಚರಮ್ಮನ ಕೈಯಲ್ಲಿ ಸ್ಟೇರಿಂಗ್ ಇರುವಾಗ. ಬಿಚ್ಚಬೇಕು ಅಂದುಬಿಟ್ಟರೆ — ಬಿಚ್ಚಿದರೆ ಈ ಇಂಜಿನ್ನು ಮತ್ತೆ ಕೂಡುವುದಿಲ್ಲ, ಅದು ಮೀಟರಿಗೆ ಗೊತ್ತಿಲ್ಲ, ಅವನಿಗೆ ಗೊತ್ತು, ಇಪ್ಪತ್ಮೂರು ವರ್ಷದ ಕಾರು, ಇಂಜಿನ್ನಿನ ಮೇಲ್ಭಾಗದ ಹೆಡ್ಡನ್ನು ಎರಡು ಸಲ ಉಜ್ಜಿಸಿ ಮಟ್ಟ ಮಾಡಿಸಿದ್ದಾಗಿದೆ, ಮೂರನೇ ಸಲ ಉಜ್ಜುವುದಕ್ಕೆ ಅಲ್ಲಿ ಲೋಹವೇ ಇಲ್ಲ, ಬೋಲ್ಟುಗಳು ತುಕ್ಕಿನಲ್ಲಿ ಬೇರು ಬಿಟ್ಟಿವೆ, ಒಂದು ಮುರಿದರೆ ಮುಗಿಯಿತು, ಕಾರು ಗುಜರಿಗೆ. ಕಾರು ಗುಜರಿಗಾದರೆ ಅಕ್ಕ ಮನೆಗೆ, ಭಾವ ಕಾದುಕೊಂಡೇ ಇದ್ದಾರೆ, ಆ ಡಬ್ಬಾ ನಿಂತ ದಿನ ನಿನ್ನ ಡ್ರೈವಿಂಗ್ ಸ್ಕೂಲೂ ನಿಲ್ಲುತ್ತೆ, ನೋಡ್ತಿರು, ಅಂತ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾರೆ, ಅಕ್ಕ ತಟ್ಟೆ ತೊಳೆದು ಕೀಲಿ ಎತ್ತಿಕೊಂಡು ಹೊರಡುತ್ತಾಳೆ, ಹನ್ನೊಂದು ವರ್ಷದಲ್ಲಿ ಇನ್ನೂರು ಹೆಂಗಸರಿಗೆ ಗೇರ್ ಬದಲಿಸುವುದು ಕಲಿಸಿದ್ದಾಳೆ ಈ ಕಾರಿನಲ್ಲಿ, ಅವಳು ಕೂರುವ ಕಡೆ ಎರಡನೇ ಬ್ರೇಕ್ ಪೆಡಲ್ಲನ್ನು ಅವನೇ ವೆಲ್ಡ್ ಮಾಡಿ ಕೂರಿಸಿದ್ದು, ಅಂಥ ಪೆಡಲ್ಲು ದೇಶದಲ್ಲೇ ಇನ್ನೊಂದಿಲ್ಲ, ಒಂದು ಸಲ ಆನೆ ಅಡ್ಡ ಬಂದಿದ್ದರೂ ನಿಲ್ಲುತ್ತಿತ್ತು, ಬಂದದ್ದು ಐಸ್‌ಕ್ರೀಮಿನ ಗಾಡಿ. ಹಾಗಾದರೆ ಸ್ಟೇರಿಂಗ್ ಎಣ್ಣೆ ಅಂದುಬಿಡಲೇ, ಒಳಗಿನ ರೋಗವಲ್ಲ, ನಾಲ್ಕು ಸಲ ಸೋಪುನೀರು ಬಿಟ್ಟು ತೊಳೆದು, ಪೈಪು ಬದಲಿಸಿದರೆ ಗುರುವಾರಕ್ಕೆ ಕಾರು ರೆಡಿ — ಅನ್ನಬಹುದು, ಆದರೆ ಈ ಕಾರಿನಲ್ಲಿ ಸ್ಟೇರಿಂಗ್ ಎಣ್ಣೆಗೂ ಕೂಲೆಂಟಿಗೂ ಎಲ್ಲೂ ಭೇಟಿಯಿಲ್ಲ, ಅದರ ದಾರಿ ಅದಕ್ಕೆ, ಇದರ ದಾರಿ ಇದಕ್ಕೆ, ಯಾರಾದರೂ ಕೈಯಾರೆ ತಂದು ಸುರಿದರೆ ಮಾತ್ರ ಸೇರಬೇಕು, ಇದು ಅಕ್ಕನಿಗೂ ಗೊತ್ತು, ಇವನೇ ಕಲಿಸಿದ್ದು, ಈ ಕಾರಿಗೆ ಅವನದಲ್ಲದೆ ಬೇರೆ ಕೈ ಬಿದ್ದಿಲ್ಲ. ಬಿದ್ದಿಲ್ಲ. ಮೂರು ವಾರದ ಹಿಂದೆ, ಮಂಗಳವಾರ, ಎಣ್ಣೆ ಬದಲಿಸಿ ಮುಗಿಸಿದ್ದ, ಕಾರಿನ ತುಂಬ ಕಲಿಯುವವರು, ಹಿಂದೆ ಮೂವರು ಮುಂದೆ ಟೀಚರಮ್ಮ, ಅಕ್ಕ ಅಂದಳು ಕೂಲೆಂಟ್ ನೀರು ಸ್ವಲ್ಪ ಕಮ್ಮಿ ಇದೆ ನೋಡೋ, ಹಂಗೇ ಇವರಿಗೆಲ್ಲ ನಿನ್ನ ಮೂಗು ತೋರಿಸೋ, ಅವನು ಒಳಗೆ ಹೋದ, ಬಲಗಡೆಯ ಬಾಟಲಿ, ಬಲಗಡೆಯದೇ ತಂದನೇ, ಅಂದು ಬೆಳಿಗ್ಗೆ ಲೋಟದ ಪರೀಕ್ಷೆ ಆದ ಮೇಲೆ ಅಂಗಡಿ ಗುಡಿಸಿದ್ದು ಹೆಂಡತಿ, ಗುಡಿಸುವಾಗ ಬಾಟಲಿ ಇಳಿಸಿದಳೇ, ಇಳಿಸಿ ಮತ್ತೆ ಇಟ್ಟಳೇ, ಅವಳಿಗೇನು ಗೊತ್ತು ಎಡ ಬಲ, ಅವಳಿಗೆ ಹೇಳಿದ್ದರೆ ತಾನೇ, ಬಾಟಲಿ ಹಿಡಿದು ಹೊರಗೆ ಬಂದಾಗ ಅವನಿಗೂ ಒಂದು ಕ್ಷಣ ಅನುಮಾನ, ಒಂದು ಲೋಟ ನೀರಿದ್ದಿದ್ದರೆ, ಆದರೆ ನಾಲ್ಕು ಹೆಂಗಸರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿರುವಾಗ ಮೂಗಣ್ಣ ಲೋಟ ಕೇಳುವುದುಂಟೇ, ಮುಚ್ಚಳ ತಿರುಗಿಸಿದ, ಕಣ್ಣು ಮುಚ್ಚಿದ, ಎಳೆದ, ಗಾಳಿ, ಬರೀ ಗಾಳಿ, ಇದು, ಅಂದ, ಸುರಿದ, ಅವರು ಚಪ್ಪಾಳೆ ತಟ್ಟಿದರು. ಸುರಿಯುವಾಗ ಗಳಗಳ ಅನ್ನಲಿಲ್ಲ. ನೀರಾಗಿದ್ದರೆ ಗಳಗಳ ಅನ್ನುತ್ತದೆ, ಅಂದು ಸದ್ದಿಲ್ಲದೆ ದಾರದ ಹಾಗೆ ಇಳಿಯಿತು, ಅಥವಾ ಚಪ್ಪಾಳೆಯಲ್ಲಿ ಕೇಳಿಸಲಿಲ್ಲವೋ, ಅಥವಾ ಈಗ ಹೆದರಿಕೆಗೆ ಹಾಗೆ ನೆನಪಾಗುತ್ತಿದೆಯೋ, ಕಿವಿಯನ್ನೂ ನಂಬುವ ಹಾಗಿಲ್ಲ, ಹಾಗಂತ ಊಹೆಯ ಮೇಲೆ ತೊಳೆದು ಕಳಿಸಿ, ನಿಜಕ್ಕೂ ಗ್ಯಾಸ್ಕೆಟ್ಟಾಗಿದ್ದರೆ, ಏರಿನಲ್ಲಿ ಇಂಜಿನ್ ಕುದಿದು ನಿಂತು, ಹಿಂದೆ ಲಾರಿ, ಬೇಡ, ಬೇಡ. ಗುಲಾಬಿ ಕೆನೆ ಬೆರಳ ಗೆರೆಗಳೊಳಗೆ ಇಳಿದು ಉಂಗುರ ಉಂಗುರವಾಗಿದೆ, ಉತ್ತರ ಅಲ್ಲೇ ಇದೆ, ಮೂಗಿನಿಂದ ಅರ್ಧ ಅಂಗುಲ, ಇಡೀ ಗ್ಯಾರೇಜಿನ ತುಂಬ ಅದೇ ಉತ್ತರ ಹರಡಿರಬೇಕು, ನೊಣಕ್ಕೆ, ಟೀಚರಮ್ಮನಿಗೆ, ಅಕ್ಕನಿಗೆ, ಎಲ್ಲರಿಗೂ ಬಡಿಯುತ್ತಿರಬೇಕು, ಅವನೊಬ್ಬನಿಗೇ ಬಾಗಿಲು ಹಾಕಿದೆ.

ಹಲೋ ಮೇಡಂ, ಏನಂದ್ರು ನಿಮ್ಮ ತಮ್ಮ, ಫೋನು ಮಾತಾಡಿತು, ಸ್ಪೀಕರಿನಲ್ಲಿ, ಗಾಡಿ ಇಲ್ಲೇ ಖಾಲಿ ನಿಂತಿದೆ, ಹ್ಞೂಂ ಅಂದ್ರೆ ಹತ್ತು ನಿಮಿಷದಲ್ಲಿ ಅಲ್ಲಿರುತ್ತೆ, ಅಕ್ಕ ಅವನ ಮುಖ ನೋಡಿದಳು, ಹೇಳೋ, ಗ್ಯಾಸ್ಕೆಟ್ಟಾ, ಬಿಚ್ಚಬೇಕಾ, ನೀನು ಬಿಚ್ಚಬೇಕು ಅಂದ್ರೆ ನಾನು ಎರಡನೇ ಮಾತಾಡಲ್ಲ, ನಿನ್ನ ಮೂಗು ಹೇಳಿದ ಮೇಲೆ ಮುಗೀತು — ಎಂದೂ ಇಲ್ಲದ ಹಾಗೆ ತಗ್ಗಿದ ದನಿ, ಕೀಲಿಗೊಂಚಲು ಅವಳ ಬೆರಳಲ್ಲಿ ತಿರುಗುತ್ತಿದೆ, ತಿರುಗುತ್ತಿದೆ, ಹ್ಞೂಂ ಅನ್ನುವುದು ಎಷ್ಟು ಸುಲಭ, ಒಂದೇ ಅಕ್ಷರ, ಬಾಯಿ ತೆರೆಯುವುದೂ ಬೇಡ, ಮೂಗಿನಲ್ಲೇ ಹೇಳಬಹುದು, ಮೂಗು ಉಳಿಯುತ್ತದೆ, ಕಾರು ಹೋಗುತ್ತದೆ, ಹಳೇ ಕಾರು ತಾನೇ, ಎಂದಾದರೂ ಹೋಗುವುದೇ, ಅವಳಿಗೆ ಬಿಪಿ ಇದೆ, ಮನೆಯಲ್ಲಿದ್ದರೆ ಒಳ್ಳೆಯದೇ — ಥೂ, ಇದು ಯಾರ ಮಾತು, ಭಾವನ ಮಾತು ನಿನ್ನ ಬಾಯಿಗೆ ಯಾವಾಗ ಬಂತೋ. ಅಕ್ಕಾ, ಅಂದ. ದನಿ ಹೊರಟಿತೋ ಇಲ್ಲವೋ, ಮೂಗು ಹೋದವನು ಮೂಗನೂ ಆಗಿಬಿಟ್ಟನೇ, ಇನ್ನೊಂದು ಸಲ, ಅಕ್ಕಾ. ಕೈ ತಾನಾಗಿ ಮೇಲೆದ್ದಿತು, ಅವನ ಮೂಗಿನಿಂದ ಹೊರಟು ಗಾಳಿಯಲ್ಲಿ ಮುಂದೆ ಹೋಗಿ ಅವಳ ಮೂಗಿನ ಕೆಳಗೆ ನಿಂತಿತು, ನೀನು ಮೂಸು. ನಾನಾ, ಅಂದಳು. ಹೂಂ, ನೀನು. ಏನೋ ಇದು ಹೊಸ ಆಟ, ಅಂತ ನಕ್ಕಳು, ಟೀಚರಮ್ಮನ ಕಡೆ ತಿರುಗಿ ನಕ್ಕಳು, ತಿರುಗಿ ಅವನ ಮುಖ ನೋಡಿದಳು, ನಗು ಅಲ್ಲೇ ಎಲ್ಲೋ ಸಿಕ್ಕಿಕೊಂಡಿತು. ಮೂಸಿದಳು. ಸುಟ್ಟ ವಾಸನೆ ಇದೆಯಾ. ಇಲ್ಲ. ಸರಿಯಾಗಿ ನೋಡು, ಹೊಗೆ ಥರ. ಇಲ್ಲ ಕಣೋ. ಪೆಟ್ರೋಲು. ಊಹೂಂ, ಹೊಸ ಎಣ್ಣೆ ವಾಸನೆ ಅಷ್ಟೇ, ಘಮ್ ಅಂತಿದೆಯಲ್ಲ, ನಿನಗೆ ಬರ್ತಿಲ್ವಾ, ಸ್ಟೇರಿಂಗು ಗಟ್ಟಿಯಾದಾಗ ನೀನು ಹಾಕ್ತೀಯಲ್ಲ ಕೆಂಪಗೆ, ಅದೇ ಇದು, ಇಷ್ಟು ಜೋರಾಗಿ ಬರ್ತಿದೆ, ನಿನಗೆ — ಕೀಲಿಗೊಂಚಲು ನಿಂತಿತು. ಫೋನನ್ನು ಬಾಯಿಯ ಹತ್ತಿರ ತಂದು, ಗಾಡಿ ಕಳಿಸಬೇಡಿ, ಅಂದಳು, ಏನಂತೆ ಮೇಡಂ ಪ್ರಾಬ್ಲಮ್ಮು, ಏನಿಲ್ಲ, ತೊಳೆದರೆ ಹೋಗುತ್ತಂತೆ, ಇಟ್ಟುಬಿಟ್ಟಳು, ಟೀಚರೇ ನೀವು ಸ್ವಲ್ಪ ಇಳಿದು ಹೊರಗೆ ನಿಂತ್ಕೊಳ್ಳಿ, ಬಾಗಿಲು ತೆರೆಯಿತು, ಬಾಗಿಲು ಮುಚ್ಚಿತು, ಚಪ್ಪಲಿ ಸದ್ದು ದೂರ ಹೋಯಿತು. ಈಗ ಕೇಳುತ್ತಾಳೆ, ಯಾಕೋ ಸುರಿದೆ ಅಂತ ಕೇಳುತ್ತಾಳೆ, ಬೈಯುತ್ತಾಳೆ, ಬೈದರೆ ಸಾಕು, ಬೈಗುಳಕ್ಕೆ ಉತ್ತರ ಇದೆ, ಇನ್ನೂರು ಉತ್ತರ ಇವೆ, ಕತ್ತಲೆ ಇತ್ತು, ಅವಸರ ಇತ್ತು, ನಿನ್ನ ಕಲಿಯುವವರು ಗಲಾಟೆ ಮಾಡುತ್ತಿದ್ದರು. ಅವಳು ಬೈಯಲಿಲ್ಲ. ಯಾವಾಗಿಂದ, ಅಂದಳು. ಅಷ್ಟೇ. ಯಾವಾಗಿಂದ. ಐದು ತಿಂಗಳು ಅನ್ನಬೇಕು, ಜ್ವರ ಅನ್ನಬೇಕು, ಬಚ್ಚಲು, ಒಲೆ, ಲೋಟ, ಎಡ ಬಲ, ಎಲ್ಲ ಬಾಯಿಗೆ ಬಂದು ಸಾಲಾಗಿ ನಿಂತಿವೆ, ಒಂದೂ ಇಳಿಯುತ್ತಿಲ್ಲ, ಅವಳ ಮುಖ, ಅವನ ಮುಖ, ನಡುವೆ ಚಾಚಿದ ಕೈ, ಯಾರೂ ಅದನ್ನು ಕೆಳಗಿಳಿಸು ಅನ್ನಲಿಲ್ಲ, ಬೆರಳು, ಬೆರಳ ತುದಿ, ಗುಲಾಬಿ ಕೆನೆ ಜಾರಿ ಉಗುರಿನ ಅಂಚಿನಲ್ಲಿ ಒಂದು ಹನಿಯಾಗಿ ಕೂಡಿಕೊಂಡಿದೆ, ದಪ್ಪಗೆ, ಬೀಳುತ್ತಿಲ್ಲ, ಬೆರಳು, ಗುಲಾಬಿ, ಹನಿ, ಬೀಳುತ್ತಿಲ್ಲ